ಚೆಂಡೆಯ ಪಕ್ಕದ ಕಿವಿ: ಒಳಗಿವಿಯ ರೋಮಕೋಶಗಳ ಕೆಲಸವನ್ನು ಅರಿತು ಅವನ್ನು ಉಳಿಸಿಕೊಳ್ಳುವ ಬಗೆ

ನನ್ನ ಸೋದರಮಾವನವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಕ್ಷಗಾನದ ಹಿಮ್ಮೇಳದಲ್ಲಿ ಚೆಂಡೆ ಬಾರಿಸಿದವರು. ಒಂದು ಮಳೆಗಾಲದ ರಾತ್ರಿ ಕಾಸರಗೋಡು ಜಿಲ್ಲೆಯ ಕುಂಬಳೆಯ ಸಮೀಪದ ಅವರ ಮನೆಯ ಜಗಲಿಯಲ್ಲಿ ಕುಳಿತಿದ್ದಾಗ, "ಈಗ ತೋಟದಲ್ಲಿ ಜೀರುಂಡೆಯೇ ಇಲ್ಲ ಮಾರಾಯ, ಮದ್ದು ಬಿಟ್ಟು ಬಿಟ್ಟು ಎಲ್ಲ ಸತ್ತುಹೋದವು ಕಾಣ್ತದೆ" ಎಂದರು. ಅದೇ ಹೊತ್ತಿನಲ್ಲಿ ಅಡಿಕೆ ತೋಟದಿಂದ ಬರುತ್ತಿದ್ದ ಜೀರುಂಡೆಗಳ ಸದ್ದಿನ ನಡುವೆ ಅವರ ಮಾತನ್ನು ಹಿಡಿಯುವುದೇ ನನಗೆ ಕಷ್ಟವಾಗುತ್ತಿತ್ತು. ಕೆರೆಯ ಕಪ್ಪೆಗಳ ಕೂಗು ಮಾತ್ರ ಅವರಿಗೆ ಎಂದಿನಂತೆಯೇ ಕೇಳಿಸುತ್ತಿತ್ತು.

ಕಪ್ಪೆ ಉಳಿದು ಜೀರುಂಡೆ ಮಾತ್ರ ಮಾಯವಾದದ್ದು ಹೇಗೆ ಎಂಬುದಕ್ಕೆ ಉತ್ತರ ಒಳಗಿವಿಯಲ್ಲಿದೆ. ಅದನ್ನು ತಿಳಿದುಕೊಂಡರೆ ಕಿವಿಯನ್ನು ಕಾಪಾಡಿಕೊಳ್ಳುವ ಕ್ರಮವೂ ತಾನಾಗಿ ಸ್ಪಷ್ಟವಾಗುತ್ತದೆ. ಚೆಂಡೆ ಮದ್ದಳೆ ನುಡಿಸುವವರನ್ನೂ ಅವರ ಬಳಿ ಕಲಿಯುತ್ತಿರುವ ಮಕ್ಕಳನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕೊಯ್ಯುವವರಿಗೂ ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಹಿಡಿಯುವವರಿಗೂ ಇದು ಅಷ್ಟೇ ಅನ್ವಯಿಸುತ್ತದೆ.

ಸದ್ದು ಒಳಗೆ ಹೋಗಿ ಏನಾಗುತ್ತದೆ

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಒಂದು ಚೆಂಡೆಯನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಮುಚ್ಚಿಗೆಯ ಮೇಲೆ ನಾಲ್ಕು ಅಕ್ಕಿಕಾಳು ಹಾಕಿ, ಪಕ್ಕದಲ್ಲಿ ಇನ್ನೊಂದು ಚೆಂಡೆಯನ್ನು ಬಾರಿಸಿ. ಯಾರೂ ಮುಟ್ಟದ ಮುಚ್ಚಿಗೆಯ ಮೇಲೆ ಕಾಳುಗಳು ಕುಣಿಯುತ್ತವೆ. ಕಿವಿಯ ತಮಟೆಯೂ ಗಾಳಿಯ ಅಲೆಗೆ ಹೀಗೆಯೇ ಅಲುಗುತ್ತದೆ. ಅದರ ಹಿಂದಿರುವ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಎಲುಬುಗಳು ಆ ಅಲುಗಾಟದ ಒತ್ತಡವನ್ನು ಸುಮಾರು ಇಪ್ಪತ್ತು ಪಟ್ಟು ಹೆಚ್ಚಿಸಿ, ಕಾಕ್ಲಿಯಾ ಎಂಬ ಸುರುಳಿಯೊಳಗಿನ ದ್ರವಕ್ಕೆ ದಾಟಿಸುತ್ತವೆ.

ಕಾಕ್ಲಿಯಾ ಶಂಖದಂತೆ ಎರಡೂವರೆ ಸುತ್ತಿಗಿಂತ ಸ್ವಲ್ಪ ಹೆಚ್ಚು ಸುತ್ತಿಕೊಂಡಿದೆ. ಬಿಚ್ಚಿ ಹಾಸಿದರೆ ಅದರ ಉದ್ದ ಸುಮಾರು 35 ಮಿಲಿಮೀಟರ್. ಅದರ ಉದ್ದಕ್ಕೂ ಚಾಚಿಕೊಂಡಿರುವ ತಳಪೊರೆಯು ಬಾಗಿಲ ಕಡೆಯಲ್ಲಿ ಕಿರಿದೂ ಬಿಗಿಯೂ ಆಗಿದ್ದು, ತುದಿಗೆ ಹೋದಂತೆ ಅಗಲವಾಗಿ ಸಡಿಲಗೊಳ್ಳುತ್ತದೆ. ಹೀಗಾಗಿ ಜೀರುಂಡೆಯಂಥ ಏರುಸ್ವರದ ಅಲೆ ಬಾಗಿಲ ಹತ್ತಿರವೇ ಹೆಚ್ಚು ಏಳುತ್ತದೆ. ಕಪ್ಪೆಯ ತಗ್ಗುಸ್ವರದ ಅಲೆ ಸುರುಳಿಯ ತುದಿಯವರೆಗೆ ಸಾಗಿ ಅಲ್ಲಿ ಏಳುತ್ತದೆ. ಈ ಅಲೆಯ ಓಟವನ್ನು ಕಂಡು ವಿವರಿಸಿದ ಗೆಯಾರ್ಗ್ ಫಾನ್ ಬೆಕೆಸಿ ಅವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಒಟ್ಟಿನಲ್ಲಿ, ಯಾವ ಸ್ವರ ಎಂಬುದನ್ನು ಕಿವಿ ಗುರುತಿಸುವುದು ಬಹುಮಟ್ಟಿಗೆ ಪೊರೆಯ ಯಾವ ಜಾಗ ಅಲುಗಿತು ಎಂಬುದರಿಂದ.

ಆ ಅಲುಗಾಟವನ್ನು ನರದ ಸಂದೇಶವಾಗಿ ಬದಲಿಸುವವು ರೋಮಕೋಶಗಳು. ಪೊರೆಯ ಮೇಲೆ ಒಳಬದಿಯಲ್ಲಿ ಒಂದು ಸಾಲು, ಹೊರಬದಿಯಲ್ಲಿ ಮೂರು ಸಾಲು ಇವೆ. ಒಂದು ಕಿವಿಯಲ್ಲಿ ಒಳಸಾಲಿನ ಕೋಶಗಳು ಸುಮಾರು 3,500, ಹೊರಸಾಲಿನವು ಸುಮಾರು 12,000. ಕಣ್ಣಿನ ಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳು ಹತ್ತು ಕೋಟಿಗೂ ಮಿಕ್ಕಿರುವುದನ್ನು ನೆನೆದರೆ ಇದು ಎಷ್ಟು ಸಣ್ಣ ಸಂಖ್ಯೆ ಎಂಬುದು ತಿಳಿಯುತ್ತದೆ.

ಒಂದು ರೋಮಕೋಶದ ನೆತ್ತಿಯನ್ನು ಹತ್ತಿರದಿಂದ ನೋಡೋಣ. ಅಲ್ಲಿ ಹತ್ತಾರು ಸೂಕ್ಷ್ಮ ರೋಮಗಳು ಮೆಟ್ಟಿಲಿನಂತೆ ಗಿಡ್ಡದಿಂದ ಉದ್ದಕ್ಕೆ ಸಾಲಾಗಿ ನಿಂತಿವೆ. ಪ್ರತಿ ಗಿಡ್ಡ ರೋಮದ ತುದಿಯಿಂದ ಅದರ ಹಿಂದಿನ ಉದ್ದ ರೋಮದ ಮೈಗೆ ಒಂದು ಅತಿ ಸಣ್ಣ ಎಳೆ ಕಟ್ಟಿದೆ. ಪೊರೆ ಏರಿ ರೋಮಗಳು ಉದ್ದ ರೋಮದ ಕಡೆಗೆ ಬಾಗಿದಾಗ ಎಳೆ ಬಿಗಿಯುತ್ತದೆ; ಬಿಗಿದ ಎಳೆ ರೋಮದ ತುದಿಯಲ್ಲಿರುವ ಕಂಡಿಯನ್ನು ಎಳೆದು ತೆರೆಯುತ್ತದೆ; ತೆರೆದ ಕಂಡಿಯಿಂದ ಸುತ್ತಲಿನ ದ್ರವದ ಪೊಟ್ಯಾಸಿಯಂ ಕಣಗಳು ಒಳನುಗ್ಗಿ ಕೋಶದ ವಿದ್ಯುತ್ ಸ್ಥಿತಿಯನ್ನು ಬದಲಿಸುತ್ತವೆ. ಆಗ ಕೋಶದ ಬುಡದಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಹೊರಬಿದ್ದು ಶ್ರವಣನರವನ್ನು ಎಚ್ಚರಿಸುತ್ತದೆ. ಅತ್ಯಂತ ಮೆಲ್ಲನೆಯ ಸದ್ದಿಗೆ ಈ ರೋಮಗಳು ಅಲುಗುವುದು ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಮಾತ್ರ. ಅಷ್ಟು ನವಿರಾದ ಏರ್ಪಾಟಿನ ಎದುರು ನಾವು ಗಂಟೆಗಟ್ಟಲೆ ಚೆಂಡೆ ಬಾರಿಸುತ್ತೇವೆ ಎಂಬುದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಮಿದುಳಿಗೆ ಸುದ್ದಿ ಮುಟ್ಟಿಸುವ ಕೆಲಸದ ಬಹುಪಾಲು ಒಳಸಾಲಿನದು. ಹೊರಸಾಲಿನ ಕೋಶಗಳು ಪ್ರೆಸ್ಟಿನ್ ಎಂಬ ಪ್ರೋಟೀನಿನ ಬಲದಿಂದ ತಾಳಕ್ಕೆ ತಕ್ಕಂತೆ ಹಿಗ್ಗಿ ಕುಗ್ಗಿ ಮೆಲುದನಿಗಳನ್ನು ವರ್ಧಿಸುತ್ತವೆ. ಒಂದಕ್ಕೊಂದು ಹತ್ತಿರದ ಸ್ವರಗಳನ್ನು ಬೇರ್ಪಡಿಸಲು ನೆರವಾಗುವವೂ ಅವೇ. ದೊಡ್ಡ ಸದ್ದಿಗೆ ಮೊದಲು ಬಲಿಯಾಗುವವೂ ಸಾಮಾನ್ಯವಾಗಿ ಅವೇ, ಅದರಲ್ಲೂ ಏರುಸ್ವರದ ಕಡೆಯವು. ಆದ್ದರಿಂದ ಶ್ರವಣಹಾನಿಯ ಆರಂಭದಲ್ಲಿ ಲೋಕ ನಿಶ್ಶಬ್ದವಾಗುವುದಿಲ್ಲ. ಮಾತು ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ. ಹಾಲು, ಸಾಲು, ಕಾಲು, ಪಾಲು ಎಂಬ ಮಾತುಗಳಲ್ಲಿ ಸ್ವರಭಾಗ ಒಂದೇ. ಅವನ್ನು ಬೇರೆ ಮಾಡುವುದು ಮೊದಲ ವ್ಯಂಜನ. 'ಸ'ಕಾರದಂಥ ವ್ಯಂಜನಗಳ ಶಕ್ತಿ ಇರುವುದು ಏರುಸ್ವರಗಳಲ್ಲಿ. ಅಜ್ಜನಿಗೆ ಗಟ್ಟಿಯಾಗಿ ಕೂಗಿ ಹೇಳಿದರೂ ಹಾಲು ಸಾಲಾಗುವುದು ಈ ಕಾರಣದಿಂದ. ಅದು ಅವರ ಗಮನದ ದೋಷವಲ್ಲ.

ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ರೂಪುಗೊಂಡಷ್ಟೇ ಕೊನೆಯವರೆಗೆ. ಅಂಗಳದ ಕೋಳಿಗೆ ಈ ಕೊರತೆಯಿಲ್ಲ: ಹಕ್ಕಿಗಳ ಒಳಗಿವಿಯಲ್ಲಿ ನಾಶವಾದ ಕೋಶಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ ಎಂಬುದು 1980ರ ದಶಕದ ಕೊನೆಯಲ್ಲಿ ತಿಳಿಯಿತು. ಹರಿದ ಮುಚ್ಚಿಗೆಯನ್ನು ನಾವು ಬದಲಿಸಿದಂತೆ ಕೋಳಿಯ ಕಿವಿ ತನ್ನ ಕೋಶಗಳನ್ನು ಬದಲಿಸಿಕೊಳ್ಳುತ್ತದೆ. ನಮ್ಮ ಕಿವಿ ಬದಲಿಸಿಕೊಳ್ಳದು.

ಎಷ್ಟು ಸದ್ದು, ಎಷ್ಟು ಹೊತ್ತು

ಕಿವಿಗಾಗುವ ಹಾನಿಯನ್ನು ಸದ್ದಿನ ಮಟ್ಟ ಮತ್ತು ಅದನ್ನು ಕೇಳಿದ ಹೊತ್ತು ಇವೆರಡನ್ನೂ ಸೇರಿಸಿ ಲೆಕ್ಕ ಹಾಕಬೇಕು. ಔದ್ಯೋಗಿಕ ಆರೋಗ್ಯದಲ್ಲಿ ವ್ಯಾಪಕವಾಗಿ ಬಳಸುವ ಲೆಕ್ಕದ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಹೊತ್ತು ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ. 100 ಡೆಸಿಬೆಲ್ಲಿಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ ಮಾತ್ರ. ಅಳೆಯುವ ಸಾಧನ ಇಲ್ಲದವರು ಒಂದು ಗುರುತು ಇಟ್ಟುಕೊಳ್ಳಬಹುದು: ಕೈಚಾಚಿದಷ್ಟು ದೂರದಲ್ಲಿರುವವರೊಡನೆ ಮಾತನಾಡಲು ದನಿ ಏರಿಸಬೇಕಾಗಿ ಬಂದರೆ ಸದ್ದು 85ರ ಆಸುಪಾಸು ಮುಟ್ಟಿದೆ ಅಥವಾ ದಾಟಿದೆ. ಚೆಂಡೆಯ ಉರುಳಿಕೆಯ ನಡುವೆ ಮದ್ದಳೆಗಾರರ ಕಿವಿಯ ಬಳಿ ಬಾಗಿ ಕೂಗಿ ಹೇಳಿದ್ದು ನೆನಪಿರುವವರಿಗೆ ಹೆಚ್ಚು ವಿವರ ಬೇಕಿಲ್ಲ.

ದೊಡ್ಡ ಸದ್ದಿಗೆ ನಡುಗಿವಿಯ ಪುಟ್ಟ ಸ್ನಾಯುಗಳು ಬಿಗಿದುಕೊಂಡು ಸ್ವಲ್ಪ ರಕ್ಷಣೆ ಕೊಡುತ್ತವೆ, ನಿಜ. ಆದರೆ ಬಿಗಿದುಕೊಳ್ಳಲು ಒಂದು ಸೆಕೆಂಡಿನ ಸಣ್ಣ ಪಾಲಿನಷ್ಟು ಸಮಯ ಬೇಕು. ಅಷ್ಟರೊಳಗೆ ಕೋಲಿನ ಪೆಟ್ಟು ಒಳಗಿವಿಯನ್ನು ತಲುಪಿರುತ್ತದೆ. ಸಿಡಿಮದ್ದಿನ ವಿಷಯದಲ್ಲೂ ಹಾಗೆಯೇ.

ಆಟ ಮುಗಿದ ಬೆಳಿಗ್ಗೆ ಕಿವಿಗೆ ಹತ್ತಿ ತುರುಕಿದಂತೆ ಅನಿಸುವುದು, ಗುಂಯ್ ಎಂಬ ನಾದ ಉಳಿಯುವುದು ರೋಮಕೋಶಗಳು ದಣಿದುದರ ಲಕ್ಷಣ. ಇದನ್ನು ಮನೆಯಲ್ಲೇ ನೋಡಿಕೊಳ್ಳಲು, ಆಟಕ್ಕೆ ಹೊರಡುವ ಮೊದಲು ಟಿ.ವಿ.ಯಲ್ಲಿ ವಾರ್ತೆ ಹಾಕಿ, ಮಾತು ತಿಳಿಯುವ ಅತಿ ಕಡಿಮೆ ವಾಲ್ಯೂಮ್ ಸಂಖ್ಯೆಯನ್ನು ಬರೆದಿಡಿ. ಮರಳಿ ಬಂದ ಮೇಲೆ ಅದೇ ಸಂಖ್ಯೆಯಲ್ಲಿ ಕೇಳಿ ನೋಡಿ. ಮರುದಿನ ಎಲ್ಲ ಸರಿಹೋಯಿತೆಂದು ನೆಮ್ಮದಿಪಡುವುದೂ ಪೂರ್ತಿ ಸರಿಯಲ್ಲ. 2009ರಲ್ಲಿ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ ಇಲಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಕೇಳುವ ಮಟ್ಟ ಮೊದಲಿನಂತಾಗಿ ರೋಮಕೋಶಗಳು ಉಳಿದಿದ್ದರೂ, ಅವು ನರಕ್ಕೆ ಸೇರುವ ಬೆಸುಗೆಗಳಲ್ಲಿ ಬಹಳಷ್ಟು ಶಾಶ್ವತವಾಗಿ ಕಳಚಿಹೋಗಿದ್ದವು.

ಪ್ಲಗ್ ಹಾಕುವ ಸರಿಯಾದ ಕ್ರಮ

ಹತ್ತಿ ತುರುಕಿದರೆ ಪ್ರಯೋಜನ ತೀರಾ ಕಡಿಮೆ. ಔಷಧದ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಫೋಮ್ ಪ್ಲಗ್ ಅಗ್ಗವೂ ಹೌದು, ಸರಿಯಾಗಿ ಹಾಕಿದರೆ ಸಮರ್ಥವೂ ಹೌದು. ಆದರೆ ನಾನು ನೋಡಿದವರಲ್ಲಿ ಹೆಚ್ಚಿನವರು ಅದನ್ನು ಕಿವಿಯ ಬಾಯಿಗೆ ಅಂಟಿಸಿ ಬಿಡುತ್ತಾರೆ. ಕೈ ತೊಳೆದುಕೊಂಡು, ಪ್ಲಗ್ಗನ್ನು ಬೆರಳುಗಳ ನಡುವೆ ದೀಪದ ಬತ್ತಿ ಹೊಸೆದಂತೆ ಸುಕ್ಕಿಲ್ಲದೆ ತೆಳ್ಳಗೆ ಹೊಸೆಯಬೇಕು. ಬಲಗಿವಿಗಾದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲಂಚನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಹೀಗೆ ಎಳೆದಾಗ ಬಾಗಿರುವ ಕಿವಿನಾಳ ನೇರವಾಗುತ್ತದೆ. ಆಗ ಪ್ಲಗ್ಗನ್ನು ಒಳಕ್ಕೆ ಜಾರಿಸಿ, ಅದು ಹಿಗ್ಗಿ ನಾಳವನ್ನು ತುಂಬುವವರೆಗೆ ಅಂದರೆ ಸುಮಾರು ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತಿದ್ದರೆ ನಿಮ್ಮದೇ ಮಾತು ತಲೆಯೊಳಗಿಂದ ಬಂದಂತೆ ಕೇಳುತ್ತದೆ. ತೆಗೆಯುವಾಗ ಮೆಲ್ಲನೆ ತಿರುಗಿಸುತ್ತ ತೆಗೆಯಬೇಕು, ಜಗ್ಗಬಾರದು.

ಫೋಮ್ ಪ್ಲಗ್ಗಿನಿಂದ ಭಾಗವತರ ಪದ ಮಂಕಾಗುತ್ತದೆ ಎಂಬ ಕಲಾವಿದರ ಆಕ್ಷೇಪ ನ್ಯಾಯವಾದುದು. ಅದು ಏರುಸ್ವರಗಳನ್ನು ಹೆಚ್ಚು ತಡೆಯುತ್ತದೆ. ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿಸುವ, ಸಂಗೀತಗಾರರಿಗೆಂದೇ ಮಾಡಿದ ಪ್ಲಗ್ಗುಗಳು ಸಿಗುತ್ತವೆ. ಹಿಮ್ಮೇಳದವರಿಗೆ ಅದನ್ನೇ ಸೂಚಿಸುತ್ತೇನೆ. ಮೊದಲ ಒಂದೆರಡು ವಾರ ಅಭ್ಯಾಸದ ಹೊತ್ತಿನಲ್ಲಿ ಮಾತ್ರ ಹಾಕಿ ರೂಢಿಸಿಕೊಂಡು, ಆಮೇಲೆ ರಂಗಸ್ಥಳಕ್ಕೆ ಹೋಗುವುದು ಒಳ್ಳೆಯದು. ಅದರ ಲಾಭವನ್ನು ಮೇಲಿನ ಲೆಕ್ಕದಿಂದಲೇ ತಿಳಿಯಬಹುದು. 15 ಡೆಸಿಬೆಲ್ ತಗ್ಗಿಸುವ ಪ್ಲಗ್ ಎಂದರೆ ಮೂರರಂತೆ ಐದು ಹೆಜ್ಜೆ ಇಳಿದಂತೆ. ಹೊತ್ತು ಐದು ಬಾರಿ ಇಮ್ಮಡಿಯಾಗುತ್ತದೆ. 100 ಡೆಸಿಬೆಲ್ಲಿನ 15 ನಿಮಿಷ 8 ಗಂಟೆಯಾಗುತ್ತದೆ. ಇಡೀ ರಾತ್ರಿಯ ಆಟಕ್ಕೆ ಹೆಚ್ಚುಕಡಿಮೆ ಸಾಕು. ಆದರೆ ನಡುವೆ ಪ್ಲಗ್ ತೆಗೆದಿಟ್ಟ ಪ್ರತಿ ಹತ್ತು ನಿಮಿಷವೂ ಈ ಲಾಭವನ್ನು ಬೇಗನೆ ತಿಂದುಹಾಕುತ್ತದೆ. ಕಲಿಯುವ ಮಕ್ಕಳು ದಿನನಿತ್ಯ ಚೆಂಡೆಯ ಮೇಲೆಯೇ ಸಾಧನೆ ಮಾಡಬೇಕೆಂದಿಲ್ಲ. ಮರದ ಹಲಗೆಯ ಮೇಲೆ ದಪ್ಪ ರಬ್ಬರ್ ಹಾಸಿ ಕೈ ಕುದುರಿಸಿದರೆ ಕಿವಿಗೂ ನೆರೆಮನೆಗೂ ಹಿತ.

ಕುಂಬಳೆಯಲ್ಲಿ ಸಿಡಿಮದ್ದು ಸುಡುವ ಬೆಡಿಯಂಥ ಸಂದರ್ಭದಲ್ಲಿ ದೂರವೇ ದೊಡ್ಡ ರಕ್ಷಣೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಐವತ್ತು ಮೀಟರಿನಲ್ಲಿ ನಿಲ್ಲುವ ಬದಲು ಇನ್ನೂರು ಮೀಟರಿನಲ್ಲಿ ನಿಂತರೆ 12 ಡೆಸಿಬೆಲ್ ಕಡಿಮೆ. ಬಣ್ಣವೂ ಬೆಳಕೂ ಅಲ್ಲಿಂದ ಏನೂ ಕಡಿಮೆ ಕಾಣುವುದಿಲ್ಲ. ಪ್ಲಗ್ ಇಲ್ಲದಿದ್ದರೆ ಕಿವಿತೂತಿನ ಮುಂದಿರುವ ಸಣ್ಣ ಉಬ್ಬನ್ನು ಬೆರಳಿನಿಂದ ಒಳಕ್ಕೆ ಒತ್ತಿ ತೂತು ಮುಚ್ಚಲು ಮಕ್ಕಳಿಗೆ ಕಲಿಸಿ. ಹೆಗಲ ಮೇಲೆ ಕೂತ ಕೂಸಿಗೆ ಇದು ಸಾಧ್ಯವಿಲ್ಲ. ಅದಕ್ಕೆ ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ಬೇಕು, ಇಲ್ಲವೇ ಅದನ್ನು ಕರೆದೊಯ್ಯದಿರುವುದೇ ಲೇಸು.

ಯಾವಾಗ ತೋರಿಸಬೇಕು, ಏನು ಕೇಳಬೇಕು

ಬೆಚ್ಚಗಿನ ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಿವಿಗೆ ಬಿಡುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ರೋಮಕೋಶಗಳಿರುವುದು ತಮಟೆಯ ಆಚೆಗೆ, ಗಟ್ಟಿ ಎಲುಬಿನ ಒಳಗೆ. ಎಣ್ಣೆ ಅಲ್ಲಿಗೆ ಮುಟ್ಟುವುದಿಲ್ಲ. ತಮಟೆ ತೂತಾಗಿದ್ದರೆ ಅಪಾಯವನ್ನೂ ತರುತ್ತದೆ.

ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಶೀತ, ಗುಗ್ಗೆ ಎಂದುಕೊಂಡು ವಾರ ಕಳೆಯಬೇಡಿ. ಅದೇ ದಿನ ಅಥವಾ ಮರುದಿನ ಕಿವಿ ತಜ್ಞರನ್ನು ಕಾಣಿ. ಒಳಗಿವಿಯ ಹಠಾತ್ ಶ್ರವಣನಾಶಕ್ಕೆ ಸ್ಟೆರಾಯ್ಡ್ ಚಿಕಿತ್ಸೆಯನ್ನು ಬೇಗ ಆರಂಭಿಸಿದಷ್ಟೂ ಫಲ ಕಾಣುವ ಸಂಭವ ಹೆಚ್ಚು. ಜೆಂಟಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದುಗಳೂ ಕ್ಯಾನ್ಸರಿನ ಸಿಸ್‌ಪ್ಲಾಟಿನ್ ಮದ್ದೂ ರೋಮಕೋಶಗಳಿಗೆ ಹಾನಿ ಮಾಡಬಲ್ಲವು. ಅವು ಜೀವ ಉಳಿಸುವ ಮದ್ದುಗಳಾದ್ದರಿಂದ ನೀವಾಗಿ ನಿಲ್ಲಿಸಬಾರದು. ಕಿವಿಯಲ್ಲಿ ಮೊರೆತ ಅಥವಾ ತಲೆತಿರುಗು ಕಂಡರೆ ವೈದ್ಯರಿಗೆ ಕೂಡಲೇ ಹೇಳಬೇಕು.

ಚೆಂಡೆ ಕಲಿಯಲು ತೊಡಗಿದ ವರ್ಷವೇ ಒಂದು ಶ್ರವಣ ಪರೀಕ್ಷೆ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸುವುದು ಉತ್ತಮ. ಪರೀಕ್ಷೆಯಲ್ಲಿ 3,000 ಮತ್ತು 6,000 ಹರ್ಟ್ಸ್ ಸ್ವರಗಳನ್ನೂ ಸೇರಿಸಲು ಕೇಳಿಕೊಳ್ಳಿ. ಸದ್ದಿನಿಂದಾದ ಹಾನಿ ಮೊದಲು ತಗ್ಗು ಬೀಳಿಸುವುದು 3,000ದಿಂದ 6,000ದ ನಡುವೆ, ಹೆಚ್ಚಾಗಿ 4,000ದ ಸುತ್ತ. ಹೊರಸಾಲಿನ ಕೋಶಗಳು ಹಿಗ್ಗಿ ಕುಗ್ಗುವಾಗ ಕಿವಿಯೇ ಒಂದು ಮೆಲ್ಲನೆಯ ಸದ್ದನ್ನು ಹೊರಕ್ಕೆ ಕಳುಹಿಸುತ್ತದೆ ಎಂಬುದನ್ನು ಡೇವಿಡ್ ಕೆಂಪ್ 1978ರಲ್ಲಿ ಕಂಡುಹಿಡಿದರು; ಅದನ್ನು ಅಳೆಯುವ ಪರೀಕ್ಷೆಗೆ ಓ.ಎ.ಇ. ಎಂದು ಹೆಸರು. ನವಜಾತ ಶಿಶುಗಳಿಗೆ ಮಾಡುವ ಈ ಪರೀಕ್ಷೆಯಿಂದ ದೊಡ್ಡವರ ಹೊರಸಾಲಿನ ಸ್ಥಿತಿಯೂ ತಿಳಿಯುತ್ತದೆ.

ಗಡಿನಾಡಿನ ನಮಗೆ ಇನ್ನೊಂದು ಮಾತು ಮುಖ್ಯ. ಸ್ವರದ ಪರೀಕ್ಷೆಗೆ ಭಾಷೆಯಿಲ್ಲ, ಮಾತಿನ ಪರೀಕ್ಷೆಗೆ ಇದೆ. ಮನೆಯಲ್ಲಿ ಕನ್ನಡವಾಡುವ ಹಿರಿಯರಿಗೆ ಮಲಯಾಳದ ಪದಗಳನ್ನು ಕೇಳಿಸಿ, ತಿಳಿಯಲಿಲ್ಲವೆಂದು ಬರೆದುಕೊಂಡರೆ ಅದು ಕಿವಿಯ ಅಳತೆಯಾಗುವುದಿಲ್ಲ. ನನ್ನ ಮಾವನಿಗೆ ಮೊದಲ ಬಾರಿ ಆದದ್ದು ಹೀಗೆಯೇ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕನ್ನಡದ ಪದಪಟ್ಟಿಗಳಿವೆ. ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಪರೀಕ್ಷೆಗೆ ಕೂರುವ ಮೊದಲೇ ಕನ್ನಡದ ಪಟ್ಟಿ ಇದೆಯೇ ಎಂದು ವಿಚಾರಿಸಿ. ಪ್ರತಿ ಬಾರಿ ಕೊಡುವ ಗೆರೆಚಿತ್ರದ ಹಾಳೆಯನ್ನು ದಿನಾಂಕ ಬರೆದು, ಚೆಂಡೆಯ ಕೋಲುಗಳ ಜೊತೆಗೇ ಒಂದು ಲಕೋಟೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ವರ್ಷ ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿ ಹಿಡಿದು, 4,000ದ ಹತ್ತಿರ ಗೆರೆ ಕೆಳಗಿಳಿದಿದೆಯೇ ಎಂದು ಮೊದಲು ನೋಡಿ.