ಬಿಯರ್ ಬೋರ್ಡ್ ಬರೆದವನ ಅನುಭವ

ಹುಬ್ಬಳ್ಳಿಯ ಸ್ಟೇಷನ್ ರೋಡಿನಿಂದ ಧಾರವಾಡದವರೆಗೆ ಬಾರ್‌ಗಳ ಬೋರ್ಡ್ ಬರೆಯುತ್ತ ಬಂದ ನನ್ನ ಕಣ್ಣೆದುರಿಗೇ, ಬಿಯರ್ ಜಾಹೀರಾತಿನಲ್ಲಿ ಹೆಸರು ಉಳಿದು ಬಿಯರ್ ಮಾತ್ರ ಕಾಣೆಯಾಯಿತು. ತೊಂಬತ್ತರ ದಶಕದಲ್ಲಿ ನಮ್ಮಿಂದ ಬರೆಸುತ್ತಿದ್ದುದೇ ಬಾಟಲಿ ಮತ್ತು ತುಂಬಿದ ಗ್ಲಾಸು. ಚಾಕ್‌ಪುಡಿ ಸವರಿದ ದಾರವನ್ನು ಗೋಡೆಗೆ ಬಿಗಿಹಿಡಿದು ಮಿಡಿದು ಗೆರೆ ಮೂಡಿಸಿ, ಸೂಜಿಯಿಂದ ತೂತು ಮಾಡಿದ ಕಾಗದದ ಮೇಲೆ ಪುಡಿ ತಟ್ಟಿ ಅಕ್ಷರಗಳನ್ನು ಇಳಿಸಿಕೊಳ್ಳುತ್ತಿದ್ದೆ. ಅಕ್ಷರ ಸುಲಭ, ನೊರೆ ಕಷ್ಟ. ಅಚ್ಚಬಿಳಿ ಹಚ್ಚಿದರೆ ಸಾಬೂನಿನ ನೊರೆಯಂತೆ ಕಾಣುವುದರಿಂದ, ಬಿಳಿಗೆ ತುಸು ಹಳದಿ ಬೆರೆಸಿ, ಬಣ್ಣವನ್ನು ಬಹುಪಾಲು ಒರೆಸಿದ ಬ್ರಷ್ಷಿನಿಂದ ಕುಟ್ಟಬೇಕು. ಬಾಟಲಿಯ ಮೈಮೇಲಿನ ಒಂದೊಂದು ಹನಿಗೂ ಕೆಳಗೆ ಕಡುಗಂದು ಅಂಚು, ಮೇಲೊಂದು ಬಿಳಿ ಚುಕ್ಕೆ ಇಟ್ಟರೆ ಬಸ್ಸಿನಲ್ಲಿ ಹೋಗುವವರಿಗೂ ಅದು ತಣ್ಣಗಿದೆ ಎನ್ನಿಸುತ್ತಿತ್ತು.

2000ರಲ್ಲಿ ಕೇಬಲ್ ಟಿವಿ ನಿಯಮಗಳಿಗೆ ತಿದ್ದುಪಡಿಯಾಗಿ, ಮದ್ಯಕ್ಕೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಚಾರ ಕೊಡುವ ಜಾಹೀರಾತುಗಳಿಗೆ ನಿಷೇಧ ಬಂತು. ನಿಯಮ ಟಿವಿಯದಾದರೂ ಅದರ ಬಿಸಿ ಗೋಡೆಗೂ ತಟ್ಟಿತು. ಏಜೆನ್ಸಿಯವರು ಕಳಿಸುವ ಮಾದರಿಯಲ್ಲಿ ಲಾಂಛನ ಮತ್ತು ಅಕ್ಷರಗಳು ಮೊದಲಿನವೇ ಆಗಿದ್ದು, ಬಾಟಲಿಯ ಜಾಗ ಖಾಲಿಯಾಗಿ, ಕೆಳಗೆ ಸಣ್ಣದಾಗಿ ‘ಸೋಡಾ’ ಅಥವಾ ‘ಕುಡಿಯುವ ನೀರು’ ಸೇರಿರುತ್ತಿತ್ತು. ಆ ಸಣ್ಣ ಪದದ ಎತ್ತರವನ್ನೂ ಅವರೇ ಅಳೆದು ಕೊಡುತ್ತಿದ್ದರು. (ನೀರು ಮಾರುವವರು ನೀರೆಂದು ಬರೆಸಲು ಇಷ್ಟು ಹಿಂಜರಿದುದನ್ನು ನಾನು ಬೇರೆಲ್ಲೂ ಕಂಡಿಲ್ಲ.) 2003ರಲ್ಲಿ ಕಿಂಗ್‌ಫಿಶರ್ ಕ್ಯಾಲೆಂಡರ್, 2005ರಲ್ಲಿ ಅದೇ ಹೆಸರಿನ ವಿಮಾನಗಳು ಬಂದ ಮೇಲಂತೂ ಬಾಟಲಿ ತೋರಿಸುವ ಅಗತ್ಯವೇ ಉಳಿಯಲಿಲ್ಲ.

ನಡುವೆ ಫ್ಲೆಕ್ಸ್ ಬಂದು ನಾನೂ ಕಂಪ್ಯೂಟರ್ ಕಲಿತೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ಕಿನೊಂದಿಗೆ ಫ್ಲೆಕ್ಸನ್ನೂ ನಿಷೇಧಿಸಿತು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಗಳಲ್ಲಿ ಮದ್ಯ ಸಿಗುತ್ತದೆಂದು ಸೂಚಿಸುವ ಫಲಕ, ಜಾಹೀರಾತುಗಳನ್ನು ತೆಗೆಸಲು ಆದೇಶಿಸಿತು. ಪುಣೆ–ಬೆಂಗಳೂರು ಹೆದ್ದಾರಿಯ ಬದಿಗೆ ನಾನೇ ಬರೆದ ಗೋಡೆಗಳನ್ನು ನಾನೇ ಅಳಿಸಿದೆ. ಎನಾಮೆಲ್ ಮೇಲೆ ಸುಣ್ಣ ನಿಲ್ಲುವುದಿಲ್ಲವಾದ್ದರಿಂದ ಮೊದಲು ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಹಚ್ಚಿ, ಆಮೇಲೆ ಬಣ್ಣ ಬಳಿಯಬೇಕಾಯಿತು. ಬರೆದುದಕ್ಕಿಂತ ಅಳಿಸಿದುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಬೇರೆ ಸರಕಿನ ನೆಪದಲ್ಲಿ ನಡೆಯುವ ಜಾಹೀರಾತುಗಳನ್ನು 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ನಿಷೇಧಿಸಿದೆ. ಈಗ ನನ್ನ ಕೆಲಸವೆಲ್ಲ ಬಾರಿನ ಒಳಗಡೆ. ಕೆಲವರು ಒಳಗೋಡೆಗೆ ಪ್ರಿಂಟ್ ಬೇಡ, ಕೈಯಿಂದಲೇ ಬರೆಯಿರಿ ಎನ್ನುತ್ತಾರೆ. ಎಸಿ ಕೋಣೆಯಲ್ಲಿ ಎನಾಮೆಲ್ ವಾಸನೆ ಬೇಗ ಹೋಗದೆಂದು ಅಕ್ರಿಲಿಕ್ ಬಳಸುತ್ತೇನೆ. ಅದು ಬೇಗ ಒಣಗುವುದರಿಂದ ನೊರೆಯನ್ನು ಸ್ವಲ್ಪ ಸ್ವಲ್ಪವೇ ಬರೆದು ಮುಗಿಸುತ್ತ ಹೋಗಬೇಕಾಗುತ್ತದೆ.