ಕೋಲನ್ ಆಚೆಗಿನ ಹೆಸರು

ನನ್ನ ಪಿಎಚ್‌ಡಿ ವಿಷಯ ಚುನಾವಣಾ ಸುದ್ದಿ. 2023ರ ವಿಧಾನಸಭಾ ಚುನಾವಣೆಗೆ ದಿನಾಂಕ ಪ್ರಕಟವಾದದ್ದು ಮಾರ್ಚ್ 29ರಂದು, ಮತದಾನ ಮೇ 10ರಂದು. ಆ 43 ದಿನ ನಾಲ್ಕು ಕನ್ನಡ ಪತ್ರಿಕೆಗಳು ಮಂಡ್ಯ ಜಿಲ್ಲೆಯ ಓದುಗರಿಗೆ ಏನು ಕೊಟ್ಟವು ಅಂತ ನೋಡುವುದು ನನ್ನ ಕೆಲಸ. ಕೇಳೋಕೆ ಸುಲಭ. ಸ್ಕೇಲ್ ಹಿಡಿದು ಸುದ್ದಿಯ ಉದ್ದ ಅಳೆಯಬೇಕು, ಯಾರ ಪರ, ಯಾರ ವಿರುದ್ಧ ಅಂತ ಗುರುತು ಹಾಕಬೇಕು, ಕೊನೆಗೆ ಲೆಕ್ಕ ಕೂಡಬೇಕು.

ಮೊದಲ ಎಡವಟ್ಟು ನನ್ನದೇ. ಮೈಸೂರಿನ ಒಂದು ಲೈಬ್ರರಿಯಲ್ಲಿ ಕೂತು ಎಂಟು ದಿನದ ಪೇಪರ್ ಅಳೆದೆ. ಆಮೇಲೆ ಊರಿಗೆ ಹೋದಾಗ ನೋಡಿದರೆ ಅದೇ ಪತ್ರಿಕೆ, ಅದೇ ತಾರೀಕು, ಒಳಪುಟ ಮಾತ್ರ ಬೇರೆ! ಲೈಬ್ರರಿಗೆ ಬರುತ್ತಿದ್ದದ್ದು ಮೈಸೂರು ಆವೃತ್ತಿ. ಮಂಡ್ಯದವರು ಓದುವ ಪುಟವೇ ಅದರಲ್ಲಿಲ್ಲ. ಎಂಟು ದಿನದ ಕೆಲಸ ನೀರಿಗೆ ಹೋಯಿತು. ಊರಿನ ಪೇಪರ್ ಏಜೆಂಟರಿಗೆ ದುಡ್ಡು ಕೊಟ್ಟು, ದಿನಾ ನಾಲ್ಕೂ ಪೇಪರ್ ಎತ್ತಿಡಿ ಅಂತ ಹೇಳಿ ಬಂದೆ. ಹಳೇ ಸಂಚಿಕೆಗಳನ್ನು ಅವರೇ ರದ್ದಿಯಿಂದ ಹುಡುಕಿ ಕೊಟ್ಟರು.

ಎರಡನೇ ತೊಂದರೆ ಗುರುತು ಹಾಕುವುದರಲ್ಲಿ. ಒಂದೇ ಸುದ್ದಿಯನ್ನು ಇಬ್ಬರು ಬೇರೆ ಬೇರೆ ಕೂತು ಓದಬೇಕು, ಇಬ್ಬರ ಗುರುತು ತಾಳೆ ಆಗಬೇಕು. ಅದನ್ನು ಅಳೆಯೋಕೆ ಕ್ರಿಪೆಂಡಾರ್ಫ್ ಆಲ್ಫಾ ಅಂತ ಒಂದು ಲೆಕ್ಕ ಇದೆ. 0.8 ಬಂದರೆ ನೆಮ್ಮದಿ, 0.667ಕ್ಕಿಂತ ಕೆಳಗಿಳಿದರೆ ಆ ಅಂಕಿ ಇಟ್ಟುಕೊಂಡು ಏನೂ ಹೇಳುವ ಹಾಗಿಲ್ಲ. ನಾನು ಮತ್ತು ನನ್ನ ಜೂನಿಯರ್ ಅದರ ಹತ್ತಿರಕ್ಕೂ ಬರಲಿಲ್ಲ. ಜಗಳ ಎಲ್ಲಿ ಅಂತ ನೋಡಿದರೆ ತಲೆಬರಹದ ಕೊನೇ ಪದದಲ್ಲಿ. ಕಿಡಿ, ಗರಂ, ಟಾಂಗ್, ತಿರುಗೇಟು, ವಾಗ್ದಾಳಿ. 'ತಿರುಗೇಟು' ಅಂದರೆ ಮೊದಲು ಹೊಡೆದವನು ಬೇರೆಯವನು ಅಂತ ಆಯಿತು, ಅಲ್ವಾ? 'ವಾಗ್ದಾಳಿ' ಅಂದರೆ ಇವನೇ ಮೇಲೆ ಬಿದ್ದ. ಸುದ್ದಿ ಒಂದೇ ಇರಬಹುದು, ಆದರೆ ಪದ ಬದಲಾದರೆ ಜಗಳ ತೆಗೆದವನೂ ಬದಲಾಗುತ್ತಾನೆ. ನಾನು ಇಂಗ್ಲಿಷ್ ಪಠ್ಯದಿಂದ ಎತ್ತಿಕೊಂಡಿದ್ದ ಪರ, ವಿರೋಧ, ತಟಸ್ಥ ಎಂಬ ಮೂರು ಡಬ್ಬಿಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಇಂಥ ಪದಗಳನ್ನು ಗುಡ್ಡೆ ಹಾಕಿ ನಮ್ಮದೇ ಪಟ್ಟಿ ಮಾಡಿಕೊಂಡೆವು. ತಾಳೆ ಬಂತು.

ಆದರೆ ನನ್ನ ಕಣ್ಣು ತೆರೆಸಿದ್ದು ಊರಿನ ಡೈರಿ.

2022ರ ಡಿಸೆಂಬರ್ 30ರಂದು ಮದ್ದೂರಿನ ಗೆಜ್ಜಲಗೆರೆಗೆ ಮೆಗಾ ಡೈರಿ ಉದ್ಘಾಟನೆಗೆ ಬಂದಿದ್ದ ಅಮಿತ್ ಶಾ, ಅಮುಲ್ ಮತ್ತು ನಂದಿನಿ ಒಟ್ಟಿಗೆ ಕೆಲಸ ಮಾಡುವ ಮಾತಾಡಿದ್ದರು. ಏಪ್ರಿಲ್ ಮೊದಲ ವಾರ ಅಮುಲ್ ಬೆಂಗಳೂರಿಗೆ ಹಾಲು, ಮೊಸರು ತರುವುದಾಗಿ ಹೇಳಿದ ಮೇಲೆ ಅದು ಚುನಾವಣೆಯ ವಿಷಯವೇ ಆಗಿಹೋಯಿತು. ಹಾಲು ಹಾಕುವವರ ಊರಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇನ್ನೇನು?

ನಮ್ಮೂರಿನ ಹಾಲಿನ ಡೈರಿ ಮುಂದೆ ಬೆಳಗ್ಗೆ ಆರೂವರೆಗೆ ಕ್ಯಾನ್ ಹಿಡಿದು ಜನ ಸಾಲು ನಿಂತಿರುತ್ತಾರೆ. ಫ್ಯಾಟ್ ನೋಡಿ ಚೀಟಿ ಬರೆಯುವಷ್ಟರಲ್ಲಿ ಕಟ್ಟೆ ಮೇಲೆ ಕೂತ ಒಬ್ಬರು ಪೇಪರ್ ಜೋರಾಗಿ ಓದುತ್ತಾರೆ. ಮೊದಲ ದಿನ ನಾನು ನೋಟ್‌ಬುಕ್ ತೆಗೆದದ್ದೇ ತಡ, "ಏನವ್ವಾ, ಯಾವ ಪಾರ್ಟಿಯಿಂದ ಬಂದಿದ್ದೀಯಾ?" ಅಂದರು. ಸರ್ವೆಯವರ ಕಾಟ ಅಷ್ಟಿತ್ತು. "ಪಾರ್ಟಿ ಅಲ್ಲ ತಾತ, ಓದ್ತಿದ್ದೀನಿ" ಅಂದೆ. "ಇಷ್ಟ್ ವಯಸ್ಸಾದ್ರೂನಾ?" ಅಂದರು. ಆಮೇಲೆ ಯಾಕೆ ಬಂದಿದ್ದೀನಿ ಅಂತ ಬಿಡಿಸಿ ಹೇಳಿ ಒಪ್ಪಿಗೆ ಪಡೆದೆ. ರೆಕಾರ್ಡ್ ಮಾಡಲಿಲ್ಲ. ಫೋನ್ ಕಂಡರೆ ತಾತ ಟಿವಿಯವರ ಹಾಗೆ ಓದೋಕೆ ಶುರು ಮಾಡುತ್ತಿದ್ದರು. ಸುಮ್ನೆ ಕೇಳಿ, ಮನೆಗೆ ಬಂದು ಬರೆದುಕೊಳ್ಳುತ್ತಿದ್ದೆ.

ನಮ್ಮ ಪತ್ರಿಕೆಗಳ ತಲೆಬರಹದ ರೂಪ ನಿಮಗೆ ಗೊತ್ತೇ ಇದೆ. ಮೊದಲು ಮಾತು, ಆಮೇಲೆ ಕೋಲನ್, ಕೊನೆಗೆ ಹೇಳಿದವರ ಹೆಸರು. 'ನಂದಿನಿ ಮುಗಿಸಲು ಸಂಚು: ಇಂಥವರು.' 'ನಂದಿನಿಗೆ ಧಕ್ಕೆ ಇಲ್ಲ: ಅಂಥವರು.' ನನ್ನ ಹಾಳೆಯಲ್ಲಿ ಇವೆಲ್ಲ 'ಹೇಳಿದವರ ಹೆಸರಿದೆ' ಎಂಬ ಕಾಲಂಗೆ ಬಿದ್ದಿದ್ದವು. ಪತ್ರಿಕೆ ತನ್ನ ಕೆಲಸ ಸರಿಯಾಗಿ ಮಾಡಿದೆ ಅಂತ ಅರ್ಥ. ತಾತ ಓದುವಾಗ ಮಾತ್ರ ಕೋಲನ್‌ಗೆ ಬಂದು ನಿಂತುಬಿಡುತ್ತಿದ್ದರು. ಹೆಸರು ಓದುತ್ತಲೇ ಇರಲಿಲ್ಲ. ಬೇಕಂತ ಅಲ್ಲ; ಉಸಿರು ಅಲ್ಲಿಗೆ ಮುಗಿಯುತ್ತಿತ್ತು. ಕೆಳಗೆ ನಿಂತವರ ಕಿವಿಗೆ ಬಿದ್ದದ್ದು 'ನಂದಿನಿ ಮುಗಿಸಲು ಸಂಚು' ಅಷ್ಟೇ.

ಅಯ್ಯೋ, ಆರೋಪವೆಲ್ಲ ನಿಜವಾಗಿ ಊರಿಗೆ ಹೋಗುತ್ತಿದೆ ಅಂತ ಗಾಬರಿಯಾಗಿ ಗೈಡ್‌ಗೆ ಫೋನ್ ಮಾಡಿದೆ. "ಮುಂದಕ್ಕೆ ಹೇಗೆ ಹೋಗುತ್ತೆ ನೋಡಿ" ಅಂದರು. ನೋಡಿದೆ. ಕ್ಯಾನ್ ಇಳಿಸಿದ ಹೆಂಗಸು ಪಕ್ಕದವಳಿಗೆ ಹೇಳಿದ್ದು ಹೀಗೆ: "ನಂದಿನಿ ಮುಚ್ಚಿಸ್ತಾರಂತೆ ಕಣೇ." ಹೆಸರು ಬಿದ್ದುಹೋಗಿತ್ತು, ಆದರೆ ಆ ಜಾಗಕ್ಕೆ ಒಂದು 'ಅಂತೆ' ಬಂದು ಕೂತಿತ್ತು. ಯಾರು ಹೇಳಿದರು ಗೊತ್ತಿಲ್ಲ, ನಾನಂತೂ ಕಂಡಿಲ್ಲ ಅನ್ನೋದು ಆ ಒಂದು ಪದದಲ್ಲೇ ಇದೆ. ಎಲ್ಲರೂ ಹಾಗೆ ಹೇಳುತ್ತಿರಲಿಲ್ಲ. ತಮ್ಮ ಪಾರ್ಟಿಗೆ ಹಿತವಾದ ಸುದ್ದಿಗೆ 'ಅಂತೆ' ಸೇರಿಸದವರನ್ನೂ ಕಂಡೆ. ಅವರೇ ಎದುರು ಪಾರ್ಟಿಯ ಸುದ್ದಿಗೆ ಅದನ್ನು ಎಳೆದು ಹೇಳುತ್ತಿದ್ದರು, 'ಅಂತೇ...' ಅಂತ.

ಆಮೇಲೆ ಪ್ರತಿ ಸುದ್ದಿಗೆ ಎರಡು ಕಾಲಂ ಮಾಡಿದೆ, ಕಣ್ಣಿಗೆ ಒಂದು, ಕಿವಿಗೆ ಒಂದು. ಸ್ಕೇಲ್ ಹಿಡಿದು ಅಳೆದದ್ದೆಲ್ಲ ಒಂದೇ ಅಧ್ಯಾಯಕ್ಕೆ ಇಳಿಯಿತು.

ಪ್ರಬಂಧ ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. 'ಅಂತೆ'ಗೆ ಸರಿಯಾದ ಪದ ಸಿಗದೆ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ 'ante' ಅಂತ ಬರೆದೆ. ಕರಡು ಓದಿದ ಗೈಡ್ ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಕಳಿಸಿದ್ದರು: "ಇದೇನು, ಇಸ್ಪೀಟಿನಲ್ಲಿ ಕಟ್ಟುವ ಪಣವಾ?" ಆ ಕಾಗುಣಿತಕ್ಕೆ ಇಂಗ್ಲಿಷಿನಲ್ಲಿ ಹಾಗೂ ಒಂದು ಅರ್ಥ ಇದೆಯಂತೆ.