ನಿಂತ ಕಾರಿನ ಬ್ಯಾಟರಿ ಇಳಿಯುತ್ತಿದೆಯೇ? ಹೊಸದನ್ನು ಕೊಳ್ಳುವ ಮೊದಲು ಸೋರಿಕೆ ಅಳೆಯಿರಿ

ರಾಯಚೂರಿನ ನಮ್ಮ ಓಣಿಯಲ್ಲಿ ನಿವೃತ್ತ ಮಾಸ್ತರೊಬ್ಬರಿದ್ದಾರೆ. ಅವರ ಕಾರು ಹೊರಗೆ ಬರುವುದು ವಾರಕ್ಕೊಮ್ಮೆ, ಮಾನ್ವಿಯಲ್ಲಿರುವ ಮಗಳ ಮನೆಗೆ ಹೋಗುವಾಗ ಮಾತ್ರ. ಪ್ರತಿ ಭಾನುವಾರ ಬೆಳಿಗ್ಗೆ ಓಣಿಯ ಹುಡುಗರೆಲ್ಲ ಸೇರಿ ಅದನ್ನು ತಳ್ಳುವುದು ವಾಡಿಕೆಯಾಗಿತ್ತು. ಒಂದೂವರೆ ವರ್ಷದಲ್ಲಿ ಮಾಸ್ತರು ಎರಡು ಹೊಸ ಬ್ಯಾಟರಿ ಕೊಂಡರು. ಎರಡು ಸಲವೂ ಮೀಟರ್ ಹಿಡಿದು ನೋಡಿದವರಿಲ್ಲ. ತೂತು ಕೊಡಕ್ಕೆ ನೀರು ತುಂಬಿದಂತಾಯಿತು. ಇಂಥದ್ದನ್ನು ಇನ್ನೂ ಮೂರ್ನಾಲ್ಕು ಮನೆಗಳಲ್ಲಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಬೇಕಾದದ್ದು 10 ಆಂಪಿಯರ್‌ವರೆಗೆ ಡಿಸಿ ಕರೆಂಟ್ ಅಳೆಯುವ ಮಲ್ಟಿಮೀಟರ್, 10 ನಂಬರ್ ಸ್ಪ್ಯಾನರ್, ಸ್ಕ್ರೂಡ್ರೈವರ್ ಮತ್ತು ಒಂದೂವರೆ ಗಂಟೆ ಬಿಡುವು. ಬಿಡುವಿಲ್ಲದ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ಮೊದಲು ಬ್ಯಾಟರಿಯನ್ನೇ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಬಾರದಿದ್ದರೆ ಆಲ್ಟರ್ನೇಟರ್ ಕಡೆ, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರದ ಕಡೆ ನೋಡಿ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿನಲ್ಲಿ ಅಡುಗೆ ಸೋಡಾ ಕಲಸಿ ತೊಳೆದು, ಒಣಗಿಸಿ, ವ್ಯಾಸಲಿನ್ ಸವರಿ. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಕಡೆಯ ಬೋರ್‌ವೆಲ್ ನೀರು ಪ್ಲೇಟುಗಳನ್ನು ಹಾಳುಮಾಡುತ್ತದೆ. ‘ಸತ್ತ ಬ್ಯಾಟರಿಗೆ ಜೀವ ಕೊಡುವ’ ಪುಡಿ, ದ್ರಾವಣಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಉದುರಿಹೋದ ಪ್ಲೇಟನ್ನು ಯಾವ ದ್ರಾವಣವೂ ಮತ್ತೆ ಅಂಟಿಸದು.

ಇನ್ನು ಸೋರಿಕೆ, ಅಂದರೆ ಕಾರು ಸುಮ್ಮನೆ ನಿಂತಿದ್ದಾಗಲೂ ಬ್ಯಾಟರಿಯಿಂದ ಹರಿದುಹೋಗುವ ಕರೆಂಟು. ಎಲ್ಲರೂ ಎಡವುವುದು ಇಲ್ಲೇ.

ಕೀಲಿ ತೆಗೆಯಿರಿ. ಬಟನ್ ಸ್ಟಾರ್ಟ್ ಕಾರಾದರೆ ಕೀಲಿಯನ್ನು ಮನೆಯೊಳಗೆ, ದೂರದಲ್ಲಿಡಿ. ಜೇಬಿನಲ್ಲಿದ್ದರೆ ಕಾರಿನ ಕಂಪ್ಯೂಟರುಗಳು ಮಲಗುವುದೇ ಇಲ್ಲ. ಬಾನೆಟ್ ಎತ್ತಿ, ಫ್ಯೂಸ್ ಪೆಟ್ಟಿಗೆಯ ಮುಚ್ಚಳಗಳನ್ನು ಈಗಲೇ ತೆಗೆದಿಡಿ. ಚಾಲಕನ ಬಾಗಿಲನ್ನು ತೆರೆದೇ ಇಟ್ಟು, ಅದರ ಅಂಚಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಕಟಕ್ ಎನ್ನುವವರೆಗೆ ಒಳಕ್ಕೆ ಒತ್ತಿ. ಬಾಗಿಲು ಮುಚ್ಚಿದೆ ಎಂದೇ ಕಾರು ತಿಳಿಯುತ್ತದೆ, ಒಳಗಿನ ದೀಪ ಆರುತ್ತದೆ. ಕೆಲವು ಕಾರುಗಳಲ್ಲಿ ಬಾಗಿಲ ಚೌಕಟ್ಟಿನಲ್ಲಿ ಗುಂಡಿ ಇರುತ್ತದೆ. ಅದನ್ನು ಟೇಪ್ ಹಚ್ಚಿ ಒತ್ತಿಡಿ. ಕೆಲಸ ಮುಗಿದ ಮೇಲೆ ಹಿಡಿಕೆ ಎಳೆದು ಕೊಂಡಿ ಬಿಡಿಸಿದ ನಂತರವೇ ಬಾಗಿಲು ಹಾಕಿ. ಮರೆತು ಬಡಿದರೆ ಕೊಂಡಿ ಮುರಿಯುತ್ತದೆ.

ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಗುಂಡಿಯನ್ನು ಡಿಸಿ ಆಂಪಿಯರಿಗೆ ತಿರುಗಿಸಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರಿನ ಒಂದು ತುದಿಯನ್ನು ಆ ಕೇಬಲ್ಲಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಕ್ಲಿಪ್ಪಿನಿಂದ ಬಿಗಿಯಿರಿ. ಪಾಸಿಟಿವ್ ಕಡೆ ಕೈ ಹಾಕಬೇಡಿ; ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಮೀಟರ್ ಜೋಡಿಸಿರುವಾಗ ಕಾರನ್ನು ಸ್ಟಾರ್ಟ್ ಮಾಡಲೇಬೇಡಿ. ಸ್ಟಾರ್ಟರ್ ಮೋಟರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ಮೀಟರ್ ಸುಟ್ಟುಹೋಗುತ್ತದೆ.

ಜೋಡಿಸಿದ ಕ್ಷಣ ಎರಡು, ಮೂರು ಆಂಪಿಯರ್ ತೋರಿಸಬಹುದು. ‘ಸಿಕ್ಕಿತು’ ಎಂದು ಅಲ್ಲೇ ಫ್ಯೂಸ್ ಕೀಳಲು ಹೊರಡುವವರನ್ನು ಕಣ್ಣಾರೆ ಕಂಡಿದ್ದೇನೆ. ಅದು ಸೋರಿಕೆಯಲ್ಲ. ಕರೆಂಟು ಮರಳಿತೆಂದು ಕಾರಿನ ಕಂಪ್ಯೂಟರುಗಳು ಎದ್ದು ಕುಳಿತಿರುತ್ತವೆ. ಅವು ಒಂದೊಂದಾಗಿ ಮಲಗಲು ಇಪ್ಪತ್ತು ನಿಮಿಷದಿಂದ ಮುಕ್ಕಾಲು ಗಂಟೆ ಬೇಕು. ಏನನ್ನೂ ಮುಟ್ಟದೆ ಕಾಯಿರಿ. ಬೇಸಿಗೆಯಾದರೆ ಬೆಳಿಗ್ಗೆ ಆರಕ್ಕೇ ಶುರುಮಾಡಿ. ಇಲ್ಲಿನ ಮೇ ತಿಂಗಳ ಬಿಸಿಲಿನಲ್ಲಿ ಹತ್ತು ಗಂಟೆಯ ನಂತರ ಬಾನೆಟ್ಟಿನ ಮುಂದೆ ತಾಳ್ಮೆ ಉಳಿಯುವುದಿಲ್ಲ.

ಕೊನೆಗೆ 0.05 ಆಂಪಿಯರ್ ಅಥವಾ ಅದಕ್ಕಿಂತ ಕಡಿಮೆಗೆ ಬಂದು ನಿಂತರೆ ಕಾರಿನಲ್ಲಿ ದೋಷವಿಲ್ಲ. ಬ್ಯಾಟರಿಯನ್ನೇ ಲೋಡ್ ಟೆಸ್ಟ್ ಮಾಡಿಸಿ, ಅಂದರೆ ಭಾರ ಹಾಕಿ ಅದರ ಶಕ್ತಿ ನೋಡಿಸಿ. ಮಾಸ್ತರ ಕಾರು 0.42ರಲ್ಲೇ ನಿಂತಿತು. ದಿನಕ್ಕೆ ಸುಮಾರು 10 ಆಂಪಿಯರ್-ಗಂಟೆ. ಅವರದು 35 ಆಂಪಿಯರ್-ಗಂಟೆಯ ಬ್ಯಾಟರಿ. ಎರಡು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿಯಾದರೆ ಭಾನುವಾರ ಎಂಜಿನ್ ತಿರುಗುವುದಾದರೂ ಹೇಗೆ?

ಈಗ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ಅಂಕಿ ಧಡಕ್ಕನೆ ಇಳಿಯುತ್ತದೆಯೋ ಕಳ್ಳ ಆ ದಾರಿಯಲ್ಲಿದ್ದಾನೆ. ತೆಗೆದದ್ದನ್ನು ತಕ್ಷಣ ಮರಳಿ ಹಾಕಬೇಡಿ. ಆ ಭಾಗ ಮತ್ತೆ ಎಚ್ಚರಗೊಂಡು ಲೆಕ್ಕ ತಪ್ಪುತ್ತದೆ. ಸಾಲಾಗಿ ಬಟ್ಟೆಯ ಮೇಲೆ ಜೋಡಿಸಿ, ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಎಲ್ಲ ಫ್ಯೂಸ್ ತೆಗೆದರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ ಮೇಲೆ ಅನುಮಾನ ಪಡಿ. ಅದನ್ನು ಆಟೊ ಎಲೆಕ್ಟ್ರಿಷಿಯನ್‌ಗೇ ಬಿಡುವುದು ಒಳ್ಳೆಯದು.

ಮಾಸ್ತರ ಕಾರಿನಲ್ಲಿ ಮ್ಯೂಸಿಕ್ ಸಿಸ್ಟಮ್ಮಿನ ಫ್ಯೂಸ್ ತೆಗೆದ ಕೂಡಲೇ ಅಂಕಿ 0.03ಕ್ಕೆ ಬಂದಿತು. ಹೊರಗಿನಿಂದ ಹಾಕಿಸಿದ ಸೆಟ್. ಹಳದಿ ವೈರಿಗೆ ಸದಾ ಕರೆಂಟು ಬೇಕು, ಕೆಂಪು ವೈರಿಗೆ ಕೀಲಿ ತಿರುಗಿಸಿದಾಗ ಮಾತ್ರ. ಜೋಡಿಸಿದವರು ಎರಡನ್ನೂ ಒಟ್ಟಿಗೆ ಹೊಸೆದು, ಮೇಲೆ ಟೇಪ್ ಸುತ್ತಿದ್ದರು. ಪರದೆ ಆರಿದ್ದರೂ ಆಂಪ್ಲಿಫೈಯರ್ ಬೆಚ್ಚಗಿತ್ತು. ಕೆಂಪನ್ನು ಬಿಡಿಸಿ ಕೀಲಿಯ ಸಾಲಿಗೆ ಕೊಟ್ಟೆವು, ಅಷ್ಟೇ ರಿಪೇರಿ. ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಡಿಕ್ಕಿಯ ದೀಪ ಇವೂ ಇದೇ ರೀತಿ ಬ್ಯಾಟರಿ ತಿನ್ನುತ್ತವೆ. ಹೊರಗಿನಿಂದ ಹಾಕಿಸಿದ್ದನ್ನು ಮೊದಲು ಶಂಕಿಸಿ.

ನೆಗೆಟಿವ್ ಕೇಬಲ್ ಬಿಗಿದ ಮೇಲೆ ಮೀಟರಿನ ಕೆಂಪು ವೈರನ್ನು ವೋಲ್ಟ್ ತೂತಿಗೆ ಬದಲಿಸಲು ಮರೆಯಬೇಡಿ. ಆಂಪಿಯರ್ ತೂತಿನಲ್ಲೇ ಬಿಟ್ಟು ಮುಂದಿನ ಸಲ ವೋಲ್ಟ್ ನೋಡಲು ಬ್ಯಾಟರಿಗೆ ಹಿಡಿದರೆ ನೇರ ಶಾರ್ಟ್. ಇಳಿದ ಬ್ಯಾಟರಿಯನ್ನು ಚಾರ್ಜರಿನಲ್ಲಿ ರಾತ್ರಿಯಿಡೀ ತುಂಬಿಸಿ. ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಅದು ತುಂಬುವುದಿಲ್ಲ.